ಮೇಲಿನ ತಂತಿ ಮುಟ್ಟದ ಮಟ್ಟು

ಮೀನಡೂನ್ ಕಣಿವೆಯಲ್ಲಿ ಯಾರಾದರೂ ಪಿಟೀಲಿನಲ್ಲಿ ಒಂದು ಮಟ್ಟು ನುಡಿಸಿ ಮುಗಿಸಿದರೆ, ಅದು ತನಗೆ ಯಾರಿಂದ ಬಂತು ಎಂದು ಹೇಳಿಯೇ ಕಮಾನು ಕೆಳಗಿಡಬೇಕು. ಹೇಳದೆ ಇಟ್ಟವನನ್ನು, ಉಂಡ ಮನೆಯಿಂದ ಒಂದು ಮಾತೂ ಆಡದೆ ಎದ್ದುಹೋದವನ ಹಾಗೆ ನೋಡುತ್ತಾರೆ. “ಇದು ಆರ್ಡರಾ ಊರಿನ ಕುಂಟ ಮಾನಸ್‌ನಿಂದ ನನಗೆ ಬಂದದ್ದು” ಎಂದರೆ, ಮಾನಸ್ ತೀರಿಕೊಂಡಿದ್ದ ಪಕ್ಷದಲ್ಲಿ, ಕೂತವರೆಲ್ಲ “ದೇವರು ಅವನಿಗೆ ಬೆಳಕು ಕೊಡಲಿ” ಅನ್ನುತ್ತಾರೆ. ಆಮೇಲೆಯೇ ಚಹಾದ ಕೆಟಲು ಬೆಂಕಿಯ ಮೇಲೆ ಏರುವುದು.

ಶಿಬೇಲಳ ಗಂಡ ಕಾನಲ್ ಈ ವಿಷಯದಲ್ಲಿ ಬಲು ನಿಷ್ಠ. ರಸ್ತೆಯ ಗುಂಡಿ ಮುಚ್ಚುವ ಕೆಲಸದವನು. ಹಗಲೆಲ್ಲ ಕಲ್ಲು ಒಡೆದ ಕೈ. ಪಿಟೀಲು ಹಿಡಿದರೆ ಮಾತ್ರ ಆ ಕೈ ಬೇರೆ ಯಾರದೋ ಅನ್ನಿಸುತ್ತಿತ್ತು. ನೂರಕ್ಕೂ ಮೇಲೆ ಮಟ್ಟು ಬಲ್ಲವನು. ಅಷ್ಟಕ್ಕೂ ಕೊಟ್ಟವರ ಹೆಸರು, ಅವರಪ್ಪನ ಹೆಸರು, ಕೊಟ್ಟ ದಿನ ಮಳೆ ಇತ್ತೋ ಬಿಸಿಲಿತ್ತೋ, ಎಲ್ಲ ಒಪ್ಪಿಸುತ್ತಿದ್ದ. ಒಂದೇ ಒಂದು ಜಿಗ್ಗನ್ನು ಬಿಟ್ಟು.

ಅದು ಒಂದು-ಎರಡು-ಮೂರು, ಒಂದು-ಎರಡು-ಮೂರು ಎಂದು ಕಾಲು ಎಬ್ಬಿಸುವ ಕುಣಿತದ ಮಟ್ಟೇ. ಆದರೂ ಬೇರೆ ಜಿಗ್ಗುಗಳ ಹಾಗೆ ಮೈಮೇಲೆ ಬೀಳುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುವ ನೆಂಟನ ಹಾಗಿತ್ತು. ಅದನ್ನು ನುಡಿಸುವಾಗ ಕಾನಲ್ ಕಣ್ಣು ಮುಚ್ಚಿ ತಲೆಯನ್ನು ಒಂದು ಕಡೆಗೆ ವಾಲಿಸಿ, ಇನ್ನೆಲ್ಲಿಂದಲೋ ಬರುತ್ತಿರುವುದನ್ನು ಕೇಳಿಸಿಕೊಳ್ಳುವವನ ಹಾಗೆ ಕೂರುತ್ತಿದ್ದ. ಮುಗಿದ ಮೇಲೆ ಯಾರಾದರೂ, “ಇದು ಯಾರಿಂದಪ್ಪಾ ಬಂತು?” ಎಂದರೆ “ಬಂತು” ಅನ್ನುತ್ತಿದ್ದ. ಅಷ್ಟೇ. ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು.

ಆ ‘ಬಂತು’ ಮದುವೆಯಾದ ಮೊದಲ ಚಳಿಗಾಲದಲ್ಲೇ ಶಿಬೇಲಳ ಹೊಟ್ಟೆಗಿಳಿದು ಅಲ್ಲೇ ಮನೆ ಮಾಡಿತು. ಹೆಸರು ಹೇಳಬಾರದ ಗಂಡಸು ಇರುವುದುಂಟೇ? ಇಲ್ಲ. ಹಾಗಾದರೆ ಹೆಣ್ಣೇ. ಹನ್ನೆರಡನೆಯ ವಯಸ್ಸಿನಿಂದ ಹದಿನೆಂಟರವರೆಗೆ ಕಾನಲ್ ಕೂಲಿಯಾಳುಗಳ ಸಂತೆಯಲ್ಲಿ ನಿಂತು, ಬೆಟ್ಟದಾಚೆಯ ಲಾಗನ್ ಬಯಲಿನ ದೊಡ್ಡ ಜಮೀನುಗಳಲ್ಲಿ ಆರಾರು ತಿಂಗಳ ಆಳಾಗಿ ದುಡಿದಿದ್ದ. ಅಲ್ಲೇ ಯಾವಳೋ ಇದ್ದಿರಬೇಕು. ಶಿಬೇಲ್ ಕಾಲುಚೀಲ ಹೆಣೆಯುತ್ತ ಹೆಣೆಯುತ್ತ ಅವಳನ್ನೂ ಹೆಣೆದಳು. ಕೆಂಚು ಕೂದಲು ಕೊಟ್ಟಳು, ಬಿಳಿ ಏಪ್ರನ್ ಕಟ್ಟಿದಳು, ಕೈಗೊಂದು ಪಿಟೀಲು ಕೊಟ್ಟಳು. ವರ್ಷಗಳು ಹೋದವು. ಆ ಹುಡುಗಿಗೆ ವಯಸ್ಸಾಗಲಿಲ್ಲ, ಶಿಬೇಲಳಿಗೆ ಆಯಿತು.

ಒಂದೇ ಸಲ ಬಾಯಿಬಿಟ್ಟು ಕೇಳಿದ್ದಳು. ಕಾನಲ್ ಬೂಟಿನ ದಾರ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ.

“ಮಾತು ಕೊಟ್ಟಿದ್ದೀನಿ ಶಿಬೇಲ್. ಕೇಳಬೇಡ.”

ಇದಕ್ಕಿಂತ ಕೇಳದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು ಅವಳಿಗೆ.

ಶಿಬೇಲ್ ಈ ಕಣಿವೆಯವಳಲ್ಲ, ಪಡುವಣ ಕಡಲಿನ ಒಂದು ದ್ವೀಪದವಳು. ಇಪ್ಪತ್ತು ತುಂಬುವವರೆಗೂ ಮೀನು ಸೀಳಿ ಉಪ್ಪು ಹಾಕಿದ್ದ ಹುಡುಗಿ, ದನದ ಕೊಟ್ಟಿಗೆಯ ಕೆಲಸ ಗೊತ್ತಿಲ್ಲದೆ ಈ ಮನೆಗೆ ಬಂದಳು. ಅತ್ತೆ ನಪ್ಲಾ ಬಾಗಿಲಲ್ಲೇ ನಿಂತು ಸೊಸೆಯ ಕೈಗಳನ್ನು ತಿರುಗಿಸಿ ನೋಡಿದಳು.

“ಈ ಕೈ ಹಸುವಿನ ಹತ್ತಿರ ಬೇಡ. ಉಪ್ಪು ವಾಸನೆ. ಕೋಳಿ ನೋಡ್ಕೋ ಸಾಕು.”

ಕೋಳಿಗೆ ನುಚ್ಚು ಹಾಕುವ ಒಂದು ತಗಡಿನ ಡಬ್ಬವನ್ನು ಕೈಗಿತ್ತಳು. ಮುಚ್ಚಳವಿಲ್ಲದ ಉದ್ದನೆಯ ಡಬ್ಬ. ನಡುವಿನಲ್ಲಿ ಎರಡೂ ಪಕ್ಕ ಒಳಕ್ಕೆ ಸರಿದಿತ್ತು. ಸೊಂಟಕ್ಕೆ ಒರಗಿಸಿಕೊಂಡರೆ ಸರಿಯಾಗಿ ಕೂರುತ್ತಿತ್ತು. ತಗಡುಗಾರರು ಅದಕ್ಕೇ ಹಾಗೆ ಮಾಡಿದ್ದಾರೆ, ಪರವಾಗಿಲ್ಲ, ಬುದ್ಧಿವಂತರು ಎಂದುಕೊಂಡಳು ಶಿಬೇಲ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಲವತ್ತು ವರ್ಷ ಅದನ್ನು ಸೊಂಟದ ಮೇಲೆ ಹೊತ್ತಳು.

ನಪ್ಲಾ ಒರಟು ಹೆಂಗಸು. ಇಪ್ಪತ್ತಾರು ವರ್ಷ ಒಂದೇ ಬೆಂಕಿಯ ಮುಂದೆ ಕೂತರೂ ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ. “ಏ ದ್ವೀಪದವಳೇ” ಅನ್ನುವಳು. ಅವಳೂ ಇಲ್ಲಿಯವಳಲ್ಲ, ಬೆಟ್ಟದಾಚೆಯ ಕಣಿವೆಯಿಂದ ಬಂದವಳು. ಒಮ್ಮೆ ಶಿಬೇಲ್ ಅದನ್ನು ನೆನಪಿಸಿದ್ದಕ್ಕೆ, “ನಾನು ನಡ್ಕೊಂಡು ಬಂದೆ, ನಿನ್ನ ಹಾಗೆ ತೇಲ್ಕೊಂಡು ಬರಲಿಲ್ಲ” ಅಂದಿದ್ದಳು. ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಮನೆಗೆ ನಾಲ್ಕು ಜನ ಬಂದು, ಕಾನಲ್ ಗೋಡೆಯಿಂದ ಪಿಟೀಲು ಇಳಿಸಿದ ಕೂಡಲೇ ನಪ್ಲಾ ಶಾಲು ಹೊದ್ದುಕೊಂಡು ಎದ್ದು ಕೊಟ್ಟಿಗೆಗೆ ಹೊರಟುಬಿಡುವಳು. ಕಮಾನು ಗೂಟಕ್ಕೆ ಮರಳುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಹೆತ್ತ ಮಗನ ಸಂಗೀತ ಕಂಡರಾಗದ ತಾಯಿ! ಶಿಬೇಲ್ ನಾಚಿಕೆಯಿಂದ ಬೆಂಕಿಗೆ ಬೇಡದಿದ್ದರೂ ಇನ್ನೆರಡು ಒಣ ಜೌಗುಮಣ್ಣಿನ ಹೆಂಟೆ ಒಟ್ಟುವಳು.

ಹಾಲು ಕರೆಯುವುದಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ ನಪ್ಲಾ. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೆಳಗಿನ ಹೊತ್ತು ಅವಳ ಮೂಗಿನೊಳಗಿನ ಗುನುಗು ಆ ಗೋಡೆಯಿಂದ ಇಷ್ಟಿಷ್ಟೇ ಜಿನುಗುತ್ತಿತ್ತು. ಜಪಮಣಿ ಎಣಿಸುತ್ತಿದ್ದಾಳೆ ಎಂದೇ ಶಿಬೇಲ್ ತಿಳಿದಿದ್ದಳು. “ನಿಮ್ಮಮ್ಮ ಹಸುವಿಗೂ ಪ್ರಾರ್ಥನೆ ಹೇಳಿಕೊಡ್ತಾಳೆ” ಎಂದು ಗಂಡನ ಹತ್ತಿರ ನಕ್ಕರೆ, ಕಾನಲ್ ನಗುತ್ತಿರಲಿಲ್ಲ. “ಅವಳ ಪಾಡಿಗೆ ಬಿಡು” ಅನ್ನುತ್ತಿದ್ದ.

ನಪ್ಲಾ ತೀರಿಕೊಂಡಳು. ಹನ್ನೊಂದು ವರ್ಷದ ಮೇಲೆ ಕಾನಲನೂ ಹೋದ. ಕೊನೆಯ ವಾರ ಶಿಬೇಲ್ ಅವನ ಹಾಸಿಗೆಯ ಪಕ್ಕ ಕೂತಿದ್ದಾಗ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಸಾಯುವವನನ್ನು ಹೆಣ್ಣಿನ ಹೆಸರು ಕೇಳುವುದೇ? ನುಂಗಿಕೊಂಡಳು. ನುಂಗಿದ್ದು ಕರಗಲಿಲ್ಲ.

ಅವನು ಹೋಗಿ ಮೂರು ವರ್ಷಕ್ಕೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಡಬ್ಲಿನ್ನಿನ ಕಚೇರಿಯಿಂದ ಕೋಲ್ಮಾನ್ ಎಂಬವನು ಸೈಕಲ್ ತಳ್ಳಿಕೊಂಡು ಬಂದ. ತೆಳ್ಳನೆಯ, ಮರ್ಯಾದಸ್ಥ ಯುವಕ. ಹಳೆಯ ಮಟ್ಟುಗಳನ್ನು ಬರೆದುಕೊಳ್ಳುವುದೇ ಅವನ ಉದ್ಯೋಗವಂತೆ. ಇದಕ್ಕೂ ಸಂಬಳ ಇದೆಯಂತೆ ಎಂದು ಊರಿಗೆಲ್ಲ ಸೋಜಿಗ. ಕಾನಲ್‌ನ ಮನೆ ಎಂಬ ಗೌರವಕ್ಕೆ ಶಿಬೇಲಳ ಅಡುಗೆಮನೆಯಲ್ಲೇ ಸೇರಿದರು. ನುಡಿಸುವವನು ಫೆಲಿಮಿ. ಪಕ್ಕದ ಮನೆಯವನು, ಕಾನಲ್‌ನ ಬಾಲ್ಯದ ಗೆಳೆಯ, ಬಾಯಿಗೆ ಬೀಗವಿಲ್ಲದ ಮುದುಕ. ಒಂದೊಂದೇ ಮಟ್ಟು, ಒಂದೊಂದೇ ಹೆಸರು. ಕೋಲ್ಮಾನ್ ಪುಸ್ತಕದಲ್ಲಿ ‘ಯಾರಿಂದ’ ಎಂದೇ ಒಂದು ಸಾಲು ಎಳೆದಿಟ್ಟಿದ್ದ. ಆಮೇಲೆ ಆ ಜಿಗ್ಗಿನ ಸರದಿ ಬಂತು.

ಕೋಲ್ಮಾನ್ ಬರೆಯುವುದು ನಿಲ್ಲಿಸಿ ತಲೆಯೆತ್ತಿದ. “ಇನ್ನೊಂದು ಸಲ ನುಡಿಸ್ತೀರಾ, ತಾತ? ತಿರುವು ಮಾತ್ರ.”

ತಿರುವು ಎಂದರೆ ಮಟ್ಟಿನ ಎರಡನೆಯ ಅರ್ಧ. ಫೆಲಿಮಿ ನುಡಿಸಿದ.

“ವಿಚಿತ್ರ. ತಿರುವಿನಲ್ಲಿ ಎಲ್ಲ ಜಿಗ್ಗೂ ಮೇಲಿನ ತಂತಿಗೆ ಹತ್ತುತ್ತೆ. ಇದು ಹತ್ತೋದೇ ಇಲ್ಲ. ಮೂರೇ ತಂತಿಯಲ್ಲಿ ಮುಗಿದು ಹೋಗುತ್ತೆ. ಇದನ್ನ ಮಾಡಿದವನ ಪಿಟೀಲಿಗೆ ಮೇಲಿನ ತಂತಿಯೇ ಇರಲಿಲ್ಲವೇನೋ!” ಎಂದು ನಕ್ಕು, “ಯಾರಿಂದ?” ಅಂದ.

“ಕಾನಲ್‌ನಿಂದ ನನಗೆ. ಕಾನಲ್‌ಗೆ ಯಾರಿಂದಲೂ ಇಲ್ಲ. ಅವನೇ ಮಾಡಿದ್ದು ಅಂತ ಬರ್ಕೊಳ್ಳಪ್ಪ. ‘ಕಾನಲ್‌ನ ಜಿಗ್ಗು.’”

ಮೂಲೆಯಲ್ಲಿ ಹೆಣೆಯುತ್ತಿದ್ದ ಶಿಬೇಲಳ ಸೂಜಿ ನಿಂತಿತು.

“ಅವನು ಹಾಗಂತ ಯಾವತ್ತಾದರೂ ಹೇಳಿದ್ನಾ ಫೆಲಿಮಿ?”

“ಹೇಳಲಿಲ್ಲ. ಸಂಕೋಚದವನು. ನಾನು ಹೇಳ್ತಿದ್ದೀನಲ್ಲ.”

“ಸಂಕೋಚ ಅಲ್ಲ. ಅವನದ್ದಲ್ಲ ಅದು. ಬದುಕಿದ್ದಾಗ ಹೇಳದ ಸುಳ್ಳನ್ನ ಸತ್ತ ಮೇಲೆ ಅವನ ಬಾಯಿಗೆ ತುರುಕಬೇಡ.”

“ಅಯ್ಯೋ ತಾಯಿ, ಮತ್ಯಾರ ಹೆಸರು ಬರೆಸೋದು? ಖಾಲಿ ಬಿಡೋಕಾಗುತ್ತಾ? ಅಪ್ಪ ಇಲ್ಲದ ಮಗೂನ ಹಾಗೆ?”

ಕೋಲ್ಮಾನ್ ಮೆಲ್ಲಗೆ ಹೇಳಿದ: ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಶಬ್ದ ಹಿಡಿಯುವ ಯಂತ್ರವನ್ನು ಕಾರಿನಲ್ಲಿ ತರುತ್ತಾನೆ. ಅವತ್ತು ಹೇಳಿದ ಹೆಸರು ಯಂತ್ರದಲ್ಲೂ ಪುಸ್ತಕದಲ್ಲೂ ಉಳಿಯುತ್ತದೆ. ಆಮೇಲೆ ತಿದ್ದುವುದು ಕಷ್ಟ.

“ಅವತ್ತು ನಾನು ಹೇಳ್ತೀನಿ” ಅಂದಳು ಶಿಬೇಲ್. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಅವಳಿಗೆ ಗೊತ್ತಿದ್ದ ಹೆಸರಾದರೂ ಯಾವುದು?

ಲಾಗನ್ನಿನ ಹುಡುಗಿಯ ಹೆಸರೇ ಆಗಿದ್ದರೆ ಅದನ್ನೇ ಬರೆಸುವುದು. ಯಾರ ಮಟ್ಟೋ ಅವರದು. ಹಾಗೆಂದು ಗಟ್ಟಿ ಮನಸ್ಸು ಮಾಡಿ, ಮರುದಿನವೇ ಭಾನುವಾರದ ಕಪ್ಪು ಕೋಟು ತೊಟ್ಟು, ಎರಡು ಬಸ್ಸು ಬದಲಾಯಿಸಿ, ಕಾನಲ್ ಆರು ವರ್ಷ ದುಡಿದ ರಾಂಕಿನ್ ಮನೆತನದ ಜಮೀನಿಗೆ ಹೋದಳು. ಬೇರೆ ಸಭೆಯ ಕ್ರೈಸ್ತರು, ದೊಡ್ಡ ಮನೆ. ಶಿಬೇಲಳಿಗೆ ಬರುವ ಇಂಗ್ಲಿಷು ಸಂತೆಯಲ್ಲಿ ಮೊಟ್ಟೆ ಮಾರುವಷ್ಟು. ಬಾಗಿಲು ತೆರೆದವಳು ಆ ಮನೆಯ ಮಗಳು ಮಿಸ್ ರಾಂಕಿನ್. ಅರವತ್ತರ ಒಂಟಿ ಹೆಂಗಸು, ಅಂಗಳದ ಬೂಟಿನಲ್ಲೇ ಇದ್ದಳು. ಕಾನಲ್ ಹೆಸರು ಕೇಳಿ ಅವಳ ಮುಖ ಅರಳಿತು. ಒಳಗೆ ಕೂರಿಸಿ ಚಹಾ ಕೊಟ್ಟಳು, ಬೆಣ್ಣೆ ದಪ್ಪಗೆ ಬಳಿದ ಬ್ರೆಡ್ಡು ಕೊಟ್ಟಳು.

“ಇಲ್ಲಿ ಪಿಟೀಲು ನುಡಿಸೋ ಹುಡುಗಿ ಯಾರಾದ್ರೂ ಇದ್ದಳಾ, ಆಗ?” ಎಂದು ಶಿಬೇಲ್ ಕೇಳಿಯೇಬಿಟ್ಟಳು.

“ಪಿಟೀಲಾ? ಈ ಮನೇಲಾ?” ಮಿಸ್ ರಾಂಕಿನ್ ನಕ್ಕುಬಿಟ್ಟಳು. “ನಮ್ಮಪ್ಪ ಸೀಟಿ ಹೊಡೆದರೂ ಬಯ್ಯೋರು. ಹುಡುಗಿಯರೇ ಇರಲಿಲ್ಲ, ಇದ್ದದ್ದು ನಾನೊಬ್ಬಳು, ಎಂಟು ವರ್ಷದವಳು. ಆದರೆ ಯಾಕೆ ಕೇಳ್ತೀರಿ? ನಿಮ್ಮ ಯಜಮಾನರ ಆ ಹಾಡಿಗಾ?”

“ಯಾವ ಹಾಡು?”

ಮಿಸ್ ರಾಂಕಿನ್ ಗಂಟಲು ಸರಿಮಾಡಿಕೊಂಡು ಗುನುಗಿದಳು. ತಪ್ಪಿಲ್ಲದೆ, ತಿರುವಿನ ಸಮೇತ.

“ಬಂದ ಮೊದಲನೇ ದಿನವೇ, ಕೊಟ್ಟಿಗೇಲಿ, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಅಳ್ತಾ ಇದನ್ನೇ ಗುನುಗ್ತಿದ್ದರು. ಇನ್ನೂ ಚಿಕ್ಕೋರು ಪಾಪ. ಇದನ್ನು ಕೇಳದಿದ್ರೆ ಹಸು ಹಾಲು ಇಳಿಸಲ್ಲ ಅಂತ ಅಪ್ಪನಿಗೆ ಹೇಳಿ ತಪ್ಪಿಸಿಕೊಂಡರು. ನಾನು ಈಗಲೂ ಕರೆಯುವಾಗ ಇದನ್ನೇ ಹೇಳೋದು.”

ಬಸ್ಸಿನಲ್ಲಿ ವಾಪಸು ಬರುವಾಗ ಶಿಬೇಲಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಚು ಕೂದಲಿನ ಹುಡುಗಿ ಇರಲೇ ಇಲ್ಲ. ನಲವತ್ತು ವರ್ಷ ಸಾಕಿದ ಸವತಿ ಎರಡು ಬಸ್ಸಿನ ದಾರಿಯಲ್ಲಿ ಕರಗಿ ಹೋದಳು. ಒಂದು ಗಳಿಗೆ ಅವಳಿಲ್ಲದ್ದು ಬಿಕೋ ಎಂದೂ ಅನ್ನಿಸಿತು. ಆದರೆ ಮಟ್ಟು ಉಳಿಯಿತಲ್ಲ. ಹನ್ನೆರಡು ತುಂಬುವ ಮೊದಲೇ ಅವನಿಗೆ ಬಂದಿತ್ತೆಂದರೆ ಅದು ಮೀನಡೂನಿನದೇ. ಕೊಟ್ಟಿಗೆ, ಹಸು. ಏನೋ ಒಂದು ಕೈಗೆ ಸಿಕ್ಕಿ ಜಾರಿತು.

ಫೆಲಿಮಿಯನ್ನು ಕೇಳಿದಳು. “ನೀವು ಚಿಕ್ಕವರಿದ್ದಾಗ ಈ ಕಣಿವೇಲಿ ಮೂರು ತಂತಿ ಪಿಟೀಲು ಯಾರ ಹತ್ತಿರ ಇತ್ತು?”

“ನಮ್ಮಪ್ಪ ಒಬ್ಬನೇ ನುಡಿಸ್ತಿದ್ದದ್ದು, ಅವನೇ ನಮ್ಮಿಬ್ಬರಿಗೂ ಕಲಿಸಿದ್ದು. ನಾಲ್ಕೂ ತಂತಿ ಇತ್ತು, ನಾಲ್ಕರಲ್ಲೂ ಅಪಸ್ವರ ಇತ್ತು. ಆ ಜಿಗ್ಗನ್ನ ಕಾನಲ್ ನಮ್ಮಪ್ಪನಿಗೇ ಕೇಳಿಸಿದ, ನಮ್ಮಪ್ಪ ಅವನಿಗಲ್ಲ. ನೀನು ಯಾಕಿಷ್ಟು ಕೆದಕ್ತೀಯ ಮಾರಾಯ್ತಿ? ಮಟ್ಟು ತಾನೇ, ಕೊಲೆ ಅಲ್ವಲ್ಲ.”

ಮಂಗಳವಾರ ಬೆಳಿಗ್ಗೆ ಕೋಳಿಗೆ ನುಚ್ಚು ಹಾಕಲು ಹೋದಾಗ ಅಂಗಳದುದ್ದಕ್ಕೂ ಒಂದು ಬಿಳಿಯ ಗೆರೆ ಬಿದ್ದದ್ದು ಕಂಡಿತು. ಡಬ್ಬದ ಒಂದು ತುದಿಯಲ್ಲಿ, ಅಂಗೈ ಅಗಲದ ಹಳೆಯ ತೇಪೆಯೊಂದು ಬಿಟ್ಟುಕೊಂಡು ನುಚ್ಚು ಸೋರುತ್ತಿತ್ತು. ಪುಣ್ಯಕ್ಕೆ ತಗಡುಗಾರರು ಸೇತುವೆಯ ಬಳಿ ಬಂದಿಳಿದಿದ್ದರು. ಪ್ರತಿ ವಸಂತದಲ್ಲೂ ಅವರ ಗಾಡಿ ಅಲ್ಲೇ ನಿಲ್ಲುವುದು. ಶಿಬೇಲ್ ಡಬ್ಬವನ್ನು ಸೊಂಟಕ್ಕಿಟ್ಟುಕೊಂಡು ನಡೆದಳು.

ಗಾಡಿಯ ಮೆಟ್ಟಿಲ ಮೇಲೆ ವಿನ್ನಿ ಕೂತಿದ್ದಳು. ತಗಡುಗಾರರಲ್ಲೇ ಹಿರಿಯಳು, ಎಂಬತ್ತು ದಾಟಿತ್ತು, ಬಾಯಲ್ಲಿ ಪೈಪು.

“ಬಾಮ್ಮ, ದೇವರು ನಿನ್ನ ಮನೇನ ಕಾಪಾಡ್ಲಿ. ಏನು ತಂದೆ?”

“ತೇಪೆ ಬಿಟ್ಟಿದೆ ಅಜ್ಜಿ. ನಿಮ್ಮ ಮಗನ ಕೈಲಿ ಬೆಸುಗೆ ಹಾಕಿಸಿಕೊಡಿ.”

ವಿನ್ನಿ ಡಬ್ಬವನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿದಳು. ಒಳಸರಿದ ಪಕ್ಕದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನೆತ್ತಿ, ಸೊಂಟಕ್ಕಲ್ಲ, ಎಡಗಡೆಯ ಕೊರಳಿಗೆ ಒರಗಿಸಿಕೊಂಡು ಗದ್ದ ಊರಿದಳು.

“ಅಯ್ಯೋ ದೇವರೇ, ಇದು ಇನ್ನೂ ಇದೆಯಾ? ನಪ್ಲಾ ಇದನ್ನ ಇಷ್ಟು ದಿನ ಇಟ್ಟುಕೊಂಡಿದ್ಲಾ?”

ಆ ಭಂಗಿಯನ್ನು ಮೂವತ್ತೇಳು ವರ್ಷ ದಿನಾ ಕಂಡಿದ್ದವಳು ಶಿಬೇಲ್.

“ನಮ್ಮ ಮಾವ ಮಾಡಿದ್ದಮ್ಮ ಇದು. ತಗಡಿನ ಪಿಟೀಲು. ಮರದ್ದು ಕೊಳ್ಳೋಕಾಗದವರಿಗೆ ನಾವೇ ಮಾಡಿಕೊಡ್ತಿದ್ವಿ. ಬೆಟ್ಟದಾಚೆ ಅವಳ ತವರಿನಲ್ಲಿ, ಅವಳಿಗಿನ್ನೂ ಮದುವೆ ಆಗಿರಲಿಲ್ಲ. ಆ ಕಡೆ ಅವಳ ಹಾಗೆ ನುಡಿಸೋ ಗಂಡಸು ಒಬ್ಬನೂ ಇರಲಿಲ್ಲ ಅಂತಿದ್ದ ನಮ್ಮ ಮಾವ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ನಾವು ಈ ಸೇತುವೆ ಹತ್ತಿರ ಇಳಿದಾಗ ಶಾಲಿನೊಳಗೆ ಮುಚ್ಚಿಟ್ಟುಕೊಂಡು ಬರೋಳು. ಆಗ ನಾನು ಹೊಸ ಮದುವಣಗಿತ್ತಿ.”

“ಮೇಲಿನ ತಂತಿ?” ಅಂದಳು ಶಿಬೇಲ್.

“ಅದು ನಿನಗೆ ಹೇಗೆ ಗೊತ್ತು? ತಗಡಲ್ಲಿ ಮೇಲಿನ ತಂತಿ ಹಂದಿಮರಿ ಹಾಗೆ ಕಿರುಚುತ್ತಮ್ಮ. ಮಗು ಎದ್ದುಬಿಡುತ್ತೆ ಅಂತ ಕಿತ್ತು ಹಾಕಿದ್ಲು. ತೊಟ್ಟಿಲನ್ನ ಕಾಲಲ್ಲಿ ತೂಗ್ತಾ, ಆ ತೂಗಾಟಕ್ಕೆ ಸರಿಯಾಗಿ ಒಂದು ಜಿಗ್ಗು ಕಟ್ಟಿದೀನಿ ವಿನ್ನಿ ಅಂತ ನಮಗೆ ಕೇಳಿಸಿದ್ಲು. ಮೆತ್ತಗಿತ್ತು. ಕುಣಿಯೋಕೂ ಬರುತ್ತೆ, ನಿದ್ದೆಗೂ ಬರುತ್ತೆ ಅಂತ ನಗ್ತಿದ್ಲು.”

“ಅತ್ತೆ ನಗ್ತಿದ್ದರಾ?”

“ನಿನ್ನ ಅತ್ತೆಯಾ ಅವಳು? ಮತ್ತೆ ನಿನಗೆ ಗೊತ್ತಿಲ್ವಾ?” ವಿನ್ನಿ ಪೈಪನ್ನು ಬಾಯಿಂದ ತೆಗೆದಳು. “ಮಾರನೇ ವರ್ಷ ಬಂದಾಗ ಮಗೂಗೆ ಎರಡು ವರ್ಷ. ನಾಯಿಕೆಮ್ಮು ಬಂದು ನೀಲಿಗಟ್ಟಿ ಹೋಗಿತ್ತಂತೆ. ಪುಣ್ಯಬಾವಿಗೆ ಬರಿಗಾಲಲ್ಲಿ ಸುತ್ತು ಬಂದು ಹರಕೆ ಹೊತ್ತುಕೊಂಡಿದ್ಲು, ಮಗು ಉಳಿದರೆ ಇನ್ನು ಪಿಟೀಲು ಕೈಲಿ ಹಿಡಿಯಲ್ಲ ಅಂತ. ಕೊಡೋಕೆ ಅವಳ ಹತ್ತಿರ ಇನ್ನೇನಿತ್ತು? ಮಗು ಉಳೀತು. ಇದನ್ನ ತಂದು, ಕತ್ತು ಕತ್ತರಿಸಿ, ಮುಖದ ತಗಡು ಕಿತ್ತುಹಾಕಿ, ಡಬ್ಬ ಮಾಡಿಕೊಡಿ ಅಂದ್ಲು. ಮಾರಿಬಿಡು, ನಾವೇ ತಗೋತೀವಿ ಅಂತ ಮಾವ ಹೇಳಿದ. ಬೇರೆಯವರ ಕೈಲಿ ಅದು ಹಾಡೋದು ಕೇಳೋಕಾಗಲ್ಲ ಅಂದ್ಲು. ಈ ತೇಪೆ ಇದೆಯಲ್ಲ, ಇಲ್ಲೇ ಕತ್ತು ಇದ್ದದ್ದು. ಬೆಸುಗೆಗೆ ಕಬ್ಬಿಣ ಕಾಯಿಸಿ ಕೊಟ್ಟವಳು ನಾನು.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಿದರೆ ಎಲ್ಲರೂ ಮದುವೆಗೆ, ಮನೆಗೆ ಕರೀತಾರೆ, ಕರೆದರೆ ಇಲ್ಲ ಅನ್ನೋ ಶಕ್ತಿ ನನಗಿಲ್ಲ ವಿನ್ನಿ, ಹರಕೆ ಮುರಿದು ಮಗೂಗೆ ಏನಾದ್ರೂ ಆದರೆ ಅಂದ್ಲು. ನಮ್ಮ ಬಾಯನ್ನೂ ಕಟ್ಟಿಸಿದ್ಲು. ಈಗ ಅವಳೂ ಇಲ್ಲ, ಮಾವನೂ ಇಲ್ಲ, ನಾನೂ ಎದ್ದು ಹೊರಟವಳೇ. ಆಮೇಲೆ ನಕ್ಕು ಇನ್ನೊಂದು ಮಾತು ಅಂದ್ಲು. ಕೈಗೆ ಹರಕೆ ಹೊತ್ತೆ, ಬಾಯಿಗೆ ಹೊತ್ತಿಲ್ಲ, ಹಸುವಿನ ಹತ್ತಿರ ಹಾಡಿಕೊಳ್ತೀನಿ, ಅಂತ.”

ಶಿಬೇಲಳಿಗೆ ಒಂದೊಂದೇ ನೆನಪಾಗತೊಡಗಿತು. ಸೇತುವೆಯ ಕೆಳಗೆ ನೀರು ಹರಿಯುತ್ತಿತ್ತು. ಗೋಡೆಯಾಚೆಯ ಗುನುಗು. ತಾನು ನಕ್ಕದ್ದು, ಕಾನಲ್ ನಗದೆ ಇದ್ದದ್ದು. ಪಿಟೀಲು ಗೋಡೆಯಿಂದ ಇಳಿದ ಕೂಡಲೇ ಶಾಲು ಹೊದ್ದುಕೊಳ್ಳುತ್ತಿದ್ದ ಆ ಕೈಗಳು. ಅವು ಶಾಲಿನೊಳಗೆ ಸುಮ್ಮನಿರುತ್ತಿದ್ದವೇ? ತೆರೆದ ಬೆಂಕಿಯ ಮುಂದೆ, ನಾಲ್ಕು ಜನರ ನಡುವೆ, ತನ್ನದೇ ಮಟ್ಟನ್ನು ಮಗ ನುಡಿಸುವಾಗ ಬೆರಳು ಅಲುಗಿಸದೆ ಕೂರುವುದು ಯಾರಿಗೆ ಸಾಧ್ಯ? ನೋಡಿದವರಿಗೆ ಗೊತ್ತಾಗದೆ ಇರುತ್ತದೆಯೇ?

“ಬೆಸುಗೆ ಹಾಕ್ಸಲಾ?” ಅಂದಳು ವಿನ್ನಿ.

“ಹಾಕಿಸಿ ಅಜ್ಜಿ. ಕೋಳಿ ಕಾಯ್ತಿರ್ತವೆ.”

ಬುಧವಾರವೆಲ್ಲ ಶಿಬೇಲ್ ಒದ್ದಾಡಿದಳು. ಹೆಸರು ಸಿಕ್ಕಿತು, ಸರಿ. ಆದರೆ ಅದು ಅತ್ತೆ ಮುಚ್ಚಿಟ್ಟ ಹೆಸರು, ಗಂಡ ಪ್ರಾಣ ಹೋಗುವವರೆಗೆ ಕಾಯ್ದ ಹೆಸರು. ಇಪ್ಪತ್ತಾರು ವರ್ಷ ಅತ್ತೆಯೊಡನೆ ಜಗಳವಾಡಿದ ತಾನು ಈಗ ಅವಳ ಗುಟ್ಟನ್ನು ಯಂತ್ರಕ್ಕೆ ಒಪ್ಪಿಸಿದರೆ ಜನ ಏನೆಂದಾರು? ನಪ್ಲಾ ಏನೆಂದಾಳು? “ಏ ದ್ವೀಪದವಳೇ, ನಿನ್ನ ಬಾಯಿಗೂ ಉಪ್ಪು ಹಾಕಬೇಕಾಗಿತ್ತು” ಅನ್ನುವಳೇನೋ. ಸಂಜೆ ಕೋಳಿಗೂಡಿನ ಮುಂದೆ, ಬೆಸುಗೆ ಬಿದ್ದ ಡಬ್ಬವನ್ನು ಸೊಂಟಕ್ಕಿಟ್ಟು ನಿಂತಾಗ ಅವಳಿಗೆ ತಟ್ಟನೆ ಹೊಳೆಯಿತು. ಮದುವೆಗೆ ಕರೆದಾರು ಎಂದಲ್ಲವೇ ಅತ್ತೆ ಹೆದರಿದ್ದು? ಈಗ ಯಾರು ಕರೆದರೂ ಅವಳು ಹೋಗುವ ಹಾಗಿಲ್ಲ. ಉಳಿಸಿಕೊಳ್ಳಬೇಕಾಗಿದ್ದ ಮಗು ಅರವತ್ತೊಂದು ವರ್ಷ ಬಾಳಿ, ಹೆಂಡತಿಯ ಕೈಯಲ್ಲಿ ನೀರು ಕುಡಿದೇ ಹೋದ. ಹರಕೆ ತೀರಿತು. ಇನ್ನು ಹೆಸರನ್ನು ಕಟ್ಟಿಹಾಕಿ ಯಾರನ್ನು ಕಾಪಾಡುವುದು?

ಗುರುವಾರ ಮಧ್ಯಾಹ್ನ ಕಾರು ಬಂತು. ಯಂತ್ರವನ್ನು ಇಬ್ಬರು ಹಿಡಿದು ಮೇಜಿನ ಮೇಲಿಟ್ಟರು. ಎರಡು ಗಾಲಿ, ನಡುವೆ ಕಂದು ಬಣ್ಣದ ಪಟ್ಟಿ. ಅರ್ಧ ಊರು ಅಡುಗೆಮನೆಯಲ್ಲಿ, ಉಳಿದರ್ಧ ಬಾಗಿಲಲ್ಲಿ. ಶಿಬೇಲ್ ತೊಳೆದು ಒರೆಸಿದ ಕೋಳಿಯ ಡಬ್ಬವನ್ನು ತಂದು ಯಂತ್ರದ ಪಕ್ಕದಲ್ಲಿ ಇಟ್ಟಳು. ಎಲ್ಲರೂ ನಕ್ಕರು. ಅವಳು ಹೇಳುತ್ತ ಹೋದ ಹಾಗೆ ನಗು ಅಡಗಿತು. ಫೆಲಿಮಿಯ ಬಾಯಿಗೆ ಜೀವಮಾನದಲ್ಲಿ ಮೊದಲ ಸಲ ಬೀಗ ಬಿತ್ತು.

ಕೊನೆಗೆ ಅವನು, “ನಮ್ಮಪ್ಪನಿಗೆ ಕಾನಲ್ ಮೊದಲು ಕೇಳಿಸಿದಾಗ ನಮ್ಮಪ್ಪ ಏನಂದಿದ್ದ ಗೊತ್ತಾ? ಇದು ಹೆಂಗಸಿನ ಮಟ್ಟು ಕಣೋ ಅಂದಿದ್ದ. ಬಯ್ಗುಳ ಅಂದ್ಕೊಂಡಿದ್ದೆ ನಾನು” ಎಂದು ತಲೆ ಕೆರೆದುಕೊಂಡ.

ಕೋಲ್ಮಾನ್ ಪುಸ್ತಕ ತೆರೆದ. “ಯಾರಿಂದ, ಅಮ್ಮ? ನಿಧಾನವಾಗಿ ಹೇಳಿ.”

“ಫೆಲಿಮಿಗೆ ಕಾನಲ್‌ನಿಂದ. ಕಾನಲ್‌ಗೆ ಅವನ ತಾಯಿ ನಪ್ಲಾಳಿಂದ. ನಪ್ಲಾಗೆ ಯಾರಿಂದಲೂ ಅಲ್ಲ.” ಕೂತವರೆಲ್ಲ ಒಟ್ಟಿಗೆ, “ದೇವರು ಅವಳಿಗೆ ಬೆಳಕು ಕೊಡಲಿ” ಅಂದರು. ನಪ್ಲಾ ಸತ್ತ ದಿನ ಅಂದದ್ದಕ್ಕಿಂತ ಈಗ ಗಟ್ಟಿಯಾಗಿಯೇ ಅಂದರು.

ಬರೆದು ಮುಗಿಸಿದ ಕೋಲ್ಮಾನ್ ಡಬ್ಬವನ್ನು ಮುಟ್ಟಿ ಮುಟ್ಟಿ ನೋಡಿದ. “ಅಮ್ಮ, ಇದನ್ನ ಡಬ್ಲಿನ್ನಿಗೆ ಕೊಡ್ತೀರಾ? ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಡ್ತಾರೆ.”

“ಕೋಳಿಗೆ ಯಾವುದ್ರಲ್ಲಿ ಹಾಕ್ಲಿ? ನಿನ್ನ ಟೋಪೀಲಾ?”

ನಗು ಇಳಿದ ಮೇಲೆ ಫೆಲಿಮಿ ಪಿಟೀಲು ಎತ್ತಿಕೊಂಡ. ಗದ್ದಕ್ಕೆ ಇಡುವ ಮೊದಲು, ಏನನ್ನೋ ಯೋಚಿಸಿ, ಬಿರಡೆ ತಿರುಗಿಸಿ ಮೇಲಿನ ತಂತಿಯನ್ನು ಸಡಿಲಿಸಿ, ಬಿಚ್ಚಿ, ಜೇಬಿಗೆ ಹಾಕಿಕೊಂಡ. “ಇದ್ದರೆ ಬೆರಳು ಆಸೆಪಡುತ್ತೆ” ಅಂದ. ಗಾಲಿಗಳು ತಿರುಗತೊಡಗಿದವು. ಕೋಲ್ಮಾನ್ ಬೆರಳೆತ್ತಿ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದ.

ಆಗ ಶಿಬೇಲ್ ಬಾಗಿಲ ಹಿಂದಿನ ಗೂಟದಿಂದ ಶಾಲು ಎಳೆದು ಹೊದ್ದು, ಜನರನ್ನು ಸರಿಸಿಕೊಂಡು ಹೊರಗೆ ನಡೆದಳು.

“ನೋಡ್ರಪ್ಪ, ಅತ್ತೆ ಹಾಗೇ ಸೊಸೆ!” ಫೆಲಿಮಿಯ ದನಿ ಗೋಡೆಯಾಚೆಯಿಂದ ಕೇಳಿಸಿತು. ಗಾಲಿ ತಿರುಗುತ್ತಿತ್ತಾದ್ದರಿಂದ ಅದೂ ಆ ಪಟ್ಟಿಯೊಳಗೆ ಸೇರಿಹೋಯಿತು. ಈಗಲೂ ಇದೆ, ಮಟ್ಟಿಗಿಂತ ಮೊದಲು.

ಕೊಟ್ಟಿಗೆಯಲ್ಲಿ ಬಿಸಿ ಉಸಿರಿನ ಕಪ್ಪು ಹಸು ತಲೆ ಎತ್ತಿ ನೋಡಿತು. ನಪ್ಲಾಳ ಮುಕ್ಕಾಲಿ ಗೋಡೆಗೆ ಒತ್ತಿಕೊಂಡೇ ಇತ್ತು. ಯಾರೂ ಅದನ್ನು ಜರುಗಿಸಿರಲಿಲ್ಲ. ಶಿಬೇಲ್ ಕೂತು ಕಲ್ಲಿಗೆ ಕಿವಿ ಹಚ್ಚಿದಳು. ಒಳಗೆ ಅಷ್ಟು ವರ್ಷ ಕೇಳಿದ್ದರೂ ಹೀಗೆ ಕೇಳಿರಲಿಲ್ಲ. ಜನರ ಕೆಮ್ಮು, ಕಾಲಿನ ಸದ್ದು ಯಾವುದೂ ಇಲ್ಲದೆ, ಗೋಡೆ ಸೋಸಿ ಕೊಟ್ಟ ಮೂರು ತಂತಿ ಮಾತ್ರ. ತಿರುವು ಬಂತು. ಮೇಲಕ್ಕೆ ಹೋಗದೆ, ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ಬಾಗಿ ಇಳಿಯಿತು. ಹಸು ಕಾಲು ಬದಲಿಸಿ ನಿಂತಿತು. ಅದರ ಕೆಚ್ಚಲಿನಿಂದ ಒಂದು ಹನಿ ಹಾಲು ತಾನಾಗಿ ನೆಲಕ್ಕೆ ತೊಟ್ಟಿಕ್ಕಿತು.